ಬಿಳಿ ಗೆರೆಯ ಕಲ್ಲು

ಭಾನುವಾರ, ಮಾರ್ಚ್ ೯

ಪ್ರೀತಿಯ ಗೋಲಿ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಇಷ್ಟು ತಡ ಮಾಡಿದ ಅಪ್ಪನ ಮೇಲೆ ಮುನಿಸಿಕೊಂಡಿದ್ದರೆ ಅರ್ಧ ಈಗ ಇಳಿಸು, ಉಳಿದರ್ಧ ಪತ್ರ ಮುಗಿದ ಮೇಲೆ. ನೆಪ ಬೇಕಾದಷ್ಟಿವೆ. ಇದು ಪರೀಕ್ಷೆಯ ಕಾಲ. ವರ್ಷವಿಡೀ ಕರಿಹಲಗೆ ಕಾಣದ ಮಕ್ಕಳಿಗೆ ಅದು ಕಾಣುತ್ತಿಲ್ಲವೆಂದು ಗೊತ್ತಾಗುವುದು ಪರೀಕ್ಷೆ ಹತ್ತಿರ ಬಂದಾಗಲೇ. ಅಪ್ಪ ಅಮ್ಮಂದಿರು ಅವರನ್ನು ಎಳೆದುಕೊಂಡು ನಮ್ಮ ಕನ್ನಡಕದಂಗಡಿಗೆ ಬರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಅಂಚು ಉಜ್ಜಿ ಉಜ್ಜಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಇನ್ನು ಯಾವ ಜ್ಯೋತಿಷಿಯೂ ನನ್ನ ಕೈ ಹಿಡಿಯಲಾರ.

ಇದನ್ನೆಲ್ಲ ನೀನು ನಂಬುವುದಿಲ್ಲ ಎಂದೂ ಗೊತ್ತು. ನೀನು ಕೇಳಿದ್ದು ಎರಡು ಪ್ರಶ್ನೆ. ಒಂದು, ಅಮ್ಮನಿಗೆ ಉಡುಗೊರೆ ಕೊಡುವ ಕಲ್ಲುಗಳನ್ನು ಉಜ್ಜಿ ಹೊಳಪು ಬರಿಸಲು ಯಾವ ನಂಬರಿನ ಪುಡಿಯಿಂದ ಶುರು ಮಾಡಬೇಕು. ಎರಡು, "ಮೇ ತಿಂಗಳಲ್ಲಿ ಅಮ್ಮನ ಮದುವೆಗೆ ಬರ್ತೀಯಾ ಅಪ್ಪಾ, ಇಲ್ವಾ? ಸುತ್ತಿ ಬಳಸಿ ಹೇಳ್ಬೇಡ." ಮೊದಲನೆಯದಕ್ಕೆ ನನಗೆ ಉತ್ತರ ಗೊತ್ತಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿನ್ನ ಮೊದಲ ಸಲದ ಕಲ್ಲುಗಳು ಮಂಜು ಹಿಡಿದ ಕಿಟಕಿಯ ಹಾಗೆ ಮಸುಕಾದವು ಎಂದು ಬರೆದಿದ್ದೀಯ. ಪುಡಿ ಮಾರುವವನು "ನದಿ ಕಲ್ಲು ತಾನೇ ಮೇಡಂ, ಆಗ್ಲೇ ನಯವಾಗಿದೆ, ಸೀದಾ ಪಾಲಿಶ್ ಪುಡಿ ಹಾಕಿ" ಅಂದನಂತೆ. ಎಲ್ಲಕ್ಕಿಂತ ದುಬಾರಿ ಪುಡಿ ಅದೇ. ಅವನು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಾನೆ.

ಪುಡಿಯ ನಂಬರು ಹೆಚ್ಚಾದಷ್ಟೂ ಕಾಳು ಸಣ್ಣದು, ಉಪ್ಪುಕಾಗದದ ಹಾಗೆಯೇ. ನಂಬರು ಏರಿದಂತೆ ನಯವಾಗುವುದು ಪುಡಿ ಮಾತ್ರ. ಮನುಷ್ಯರ ವಯಸ್ಸಿಗೆ ಈ ಲೆಕ್ಕ ಹೊಂದುವುದಿಲ್ಲ, ನಮ್ಮ ಅಂಗಡಿಯ ಮಾಲೀಕರನ್ನು ನೋಡು. ನೀನು ಚಿಕ್ಕವಳಿದ್ದಾಗ ನಾನು ಕಟ್ಟಿದ್ದ ಪದ್ಯ ಮರೆತೆಯಾ?

ಎಂಬತ್ತು, ಮೂಲೆ ಮುರಿಯೋಕೆ,
ಇನ್ನೂರಿಪ್ಪತ್ತು, ಗೀರು ಅಳಿಸೋಕೆ,
ಐನೂರು, ಮೈಯ ಸವರೋಕೆ,
ಕೊನೆಗೆ ಬಿಳಿ ಪುಡಿ, ಮಿಂಚೋಕೆ.

ನಾನು ಬಚ್ಚಲಿನ ಬಾಗಿಲಲ್ಲಿ ನಿಂತು ಇದನ್ನು ಹಾಡಿದಾಗಲೆಲ್ಲ ಅಡುಗೆಮನೆಯಿಂದ ನಿನ್ನ ಅಮ್ಮ ಐದನೆಯ ಸಾಲು ಸೇರಿಸುತ್ತಿದ್ದಳು: "ಸದ್ದು ಮಾತ್ರ ನಮ್ ತಲೆ ತಿನ್ನೋಕೆ." ಪದ್ಯದಲ್ಲಿ ಒಳ್ಳೆಯ ಸಾಲು ಅದೊಂದೇ.

ಸದ್ದೇನು ಕಡಿಮೆ ಇತ್ತೇ! ಕೆಟ್ಟ ವಾಷಿಂಗ್ ಮಷೀನಿನ ಮೋಟಾರಿಗೆ ಎರಡು ಉರುಳೆ ಜೋಡಿಸಿ, ಮೇಲೆ ಕಲ್ಲು, ಪುಡಿ, ನೀರು ತುಂಬಿದ ರಬ್ಬರಿನ ಡ್ರಮ್ಮು ಮಲಗಿಸಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟಿದ್ದೆ. ಹಗಲೂ ರಾತ್ರಿ ಗರಗರ, ವಾರಗಟ್ಟಲೆ. ಮಹಡಿಯ ಮೇಲಿನ ಅಜ್ಜಿ ಅದನ್ನು ನನ್ನ ಗೊರಕೆಯೆಂದೇ ತಿಳಿದಿದ್ದರು. ಒಮ್ಮೆ ಕೆಳಗಿಳಿದು ಬಂದು, "ನಿಮ್ಮೆಜಮಾನ್ರನ್ನ ಒಂದ್ಸಲ ಡಾಕ್ಟ್ರಿಗೆ ತೋರ್ಸಮ್ಮಾ" ಅಂದರು. ಅಮ್ಮ ಮುಖ ಸ್ವಲ್ಪವೂ ಬದಲಿಸದೆ, "ತೋರ್ಸಿದೀನಿ ಅಜ್ಜಿ. ಕಲ್ಲಿದೆ ಅಂದ್ರು" ಅಂದಳು. ಆಮೇಲೆ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ನಕ್ಕಳು ನೋಡು, ನೀನು ಅವಳ ಸೊಂಟಕ್ಕೆ ಜೋತುಬಿದ್ದು ಯಾಕೆಂದು ತಿಳಿಯದೆಯೇ ನಗುತ್ತಿದ್ದೆ. ನಾನು ಗೂಡಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈತುಂಬಾ ಬೂದು ಕೆಸರು ಮೆತ್ತಿಕೊಂಡು, ಇಬ್ಬರನ್ನೂ ನೋಡುತ್ತಿದ್ದೆ.

ಇರಲಿ. ಪುಡಿಗೆ ಬರೋಣ. ಪುಡಿಯನ್ನು ಆರಿಸುವುದು ಅಂಗಡಿಯವನೂ ಅಲ್ಲ, ನೀನೂ ಅಲ್ಲ. ಕಲ್ಲೇ ಆರಿಸುತ್ತದೆ. ಕಲ್ಲುಗಳನ್ನೆಲ್ಲ ಒಣಗಿಸಿ, ಕಿಟಕಿಯ ಹತ್ತಿರ ಹರಡು. ಒದ್ದೆ ಕಲ್ಲನ್ನು ನಂಬಬೇಡ. ನೀರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಒಣಗಿದ ಮೇಲೆ ಒಂದೊಂದನ್ನೂ ಬೆರಳಿನಿಂದ ಸವರು. ಗುಳಿ, ಬಿರುಕು, ಮೊನೆ ಉಗುರಿಗೆ ಸಿಕ್ಕರೆ ಅದು ಎಂಬತ್ತರ ಗಿರಾಕಿ. ನದಿಯೇ ಉಜ್ಜಿ ಕಳಿಸಿದ ದುಂಡನೆಯವಕ್ಕೆ ಎಂಬತ್ತು ಬೇಡ, ಇನ್ನೂರಿಪ್ಪತ್ತರಿಂದ ಶುರು ಮಾಡಬಹುದು. ಅಂಗಡಿಯವನ ಮಾತಿನಲ್ಲಿ ನಿಜ ಇರುವುದು ಇಷ್ಟೇ. ಐನೂರನ್ನು ಮಾತ್ರ ಯಾವ ಕಲ್ಲಿಗೂ ತಪ್ಪಿಸಬೇಡ. ನಡುವಿನ ಮೆಟ್ಟಿಲು ಹಾರಿದರೆ ಪಾಲಿಶ್ ಪುಡಿ ಗೀರುಗಳ ಮೇಲೆಯೇ ಹೊಳಪು ಬಳಿಯಲು ಹೋಗುತ್ತದೆ. ನಿನ್ನ ಮಂಜು ಅಲ್ಲಿಂದ ಬಂದದ್ದು.

ಇನ್ನೊಂದು ಅನುಮಾನ. ಕಲ್ಲು ತೊಳೆಯಲು ಒಂದೇ ಬ್ರಷ್ಷು ಬಳಸಿದೆಯಾ? ನಮ್ಮ ಮನೆಯಲ್ಲಿ ಕಲ್ಲಿಗೆಂದೇ ನಾಲ್ಕು ಹಲ್ಲುಜ್ಜುವ ಬ್ರಷ್ಷುಗಳಿದ್ದವು, ಒಂದೊಂದು ಪುಡಿಗೆ ಒಂದೊಂದು ಬಣ್ಣ. ಐದನೆಯದು ನಮ್ಮ ಮನೆಗೆ ಬಂದ ನಿನ್ನ ಸೋದರಮಾವನದು. ಅವನು ತನ್ನದೆಂದುಕೊಂಡು ಎಂಬತ್ತರ ಕೆಂಪು ಬ್ರಷ್ಷನ್ನು ಬಾಯಿಗಿಟ್ಟು, "ಭಾವ, ನಿಮ್ಮನೆ ಪೇಸ್ಟು ಸ್ವಲ್ಪ ಖಡಕ್ ಇದೆ" ಅಂದದ್ದನ್ನು ನೀನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಅವನ ಹಲ್ಲು ಉಳಿಯಿತು; ಕಲ್ಲಿಗಾದರೆ ಉಳಿಗಾಲವಿಲ್ಲ. ಒರಟು ಪುಡಿಯ ಒಂದು ಕಾಳು ಪಾಲಿಶ್ ಡ್ರಮ್ಮಿಗೆ ಬಿದ್ದರೂ ಅಷ್ಟೂ ಕಲ್ಲಿನ ಮೈ ಗೀಚುತ್ತದೆ. ಮುಚ್ಚಳದ ಅಂಚನ್ನೂ ಚೆನ್ನಾಗಿ ತೊಳೆ. ಆ ನೀರನ್ನು ಮಾತ್ರ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿಯಬೇಡ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಮಣ್ಣಿನಲ್ಲಿ ಗುಂಡಿ ತೋಡಿ ಸುರಿ. ನಾಳೆ ಡ್ರಮ್ಮು ಅಮ್ಮನ ಹೊಸ ಮನೆಗೆ ಹೋದರೂ ಇದು ನೆನಪಿರಲಿ, ಹೊಸ ಮನೆಯವರಿಗೆ ಮೊದಲ ತಿಂಗಳೇ ಕೊಳಾಯಿಯವನ ದರ್ಶನವಾಗುವುದು ಬೇಡ.

ಹೊಸ ಮನೆಯವರು ಎಂದೆನಲ್ಲ, ಅಮ್ಮ ಮದುವೆಯಾಗಲಿರುವ ಅವರೇ ಕಳೆದ ತಿಂಗಳು ನಮ್ಮ ಅಂಗಡಿಗೆ ಬಂದಿದ್ದರು. ನಾನಿಲ್ಲಿ ಕೆಲಸ ಮಾಡುವುದು ಅವರಿಗೆ ಗೊತ್ತಿತ್ತು, ಬೇಕೆಂದೇ ಬಂದರು ಅನಿಸುತ್ತದೆ. "ಎಡಗಣ್ಣು ಸ್ವಲ್ಪ ಮಂಜು. ನೀವೇ ಮಾಡಿಕೊಟ್ರೆ ಒಳ್ಳೇದು" ಅಂದರು. ಕೂತುಕೊಳ್ಳಿ ಎಂದೆ. ಟೀ ತರಿಸಿದೆ. ಸಕ್ಕರೆ ಹಾಕದೆ ಕುಡಿದರು, ಪಾಪ. ಮಾತು ಕಡಿಮೆ, ಆಡಿದ್ದು ಮರ್ಯಾದೆಯ ಮಾತು. ಅವರ ಗಾಜಿಗೆ ನಾನು ಎಂದಿಗಿಂತ ಸ್ವಲ್ಪ ಹೆಚ್ಚೇ ನಿಗಾ ಕೊಟ್ಟೆ. ನಿನ್ನ ಅಮ್ಮನನ್ನು ನೋಡುವ ಕಣ್ಣು, ಸರಿಯಾಗಿ ನೋಡಲಿ.

ನಿನ್ನ ಓದು ಹೇಗಿದೆ? ನನ್ನ ಊಟ ತಿಂಡಿಯ ಚಿಂತೆ ಬಿಡು, ನನ್ನ ಅಡುಗೆ ಈಗ ನನಗೆ ಅಭ್ಯಾಸವಾಗಿದೆ. ಮೆಟ್ಟಿಲ ಕೆಳಗಿನ ಗೂಡು ಖಾಲಿ ಇದೆ. ನೀನು ಡ್ರಮ್ಮು ತೆಗೆದುಕೊಂಡು ಹೋದ ಮೇಲೆ ಅಲ್ಲಿ ಕೊಡೆಗಳನ್ನಿಟ್ಟೆ. ಮೊನ್ನೆ ಮಹಡಿಯ ಅಜ್ಜಿ ಸಿಕ್ಕಿ, "ಈಗ ಗೊರಕೆ ನಿಂತಿದೆಯಲ್ಲಪ್ಪ, ಯಾವ ಡಾಕ್ಟ್ರು?" ಎಂದು ಕೇಳಿದರು. ಯಾರೆಂದು ಹೇಳಲಿ?

ಇವತ್ತೇ ಶುರು ಮಾಡಿದರೂ ಮೇ ತಿಂಗಳಿಗೆ ಧಾರಾಳವಾಗಿ ಮುಗಿಯುತ್ತದೆ. ಅವಸರ ಮಾಡಬೇಡ. ನಿನ್ನ ಕೈಯಿಂದ ಹೊರಟ ಕಲ್ಲುಗಳು ಅಮ್ಮನ ಹೊಸ ಮೇಜಿನ ಮೇಲೆ ಫಳಫಳನೆ ಕೂರಲಿ, ಆ ಮನೆಯಲ್ಲಿ ಯಾರಿಗೂ ಯಾವ ಒರಟೂ ತಾಗದಿರಲಿ, ನಿನಗೆ ತಣ್ಣನೆಯ ನಿದ್ದೆ, ಬೆಚ್ಚನೆಯ ಹೊದಿಕೆ ಸದಾ ಇರಲಿ ಎಂದು ಹಾರೈಸುವ,

ನಿನ್ನ ಅಪ್ಪ

ಮರೆತಿದ್ದೆ: ಡ್ರಮ್ಮಿಗೆ ಹಾಕುವ ಕಲ್ಲುಗಳಲ್ಲಿ "ನಿನ್ನ ಡಬ್ಬಿಯಲ್ಲಿದ್ದ ಬಿಳಿ ಗೆರೆಯ ಪುಟ್ಟ ಕಲ್ಲೂ ಇದೆ" ಎಂದು ಬರೆದಿದ್ದೀಯ. ಅದನ್ನು ತೆಗೆದಿಡು. ಮೊಳೆಯಿಂದ ಗೀರಿ ನೋಡುವುದೂ ಬೇಡ, ನಾನು ನೋಡಿದ್ದೇನೆ. ಮೆದು ಕಲ್ಲು. ಗಟ್ಟಿಯವುಗಳ ಜೊತೆ ಉರುಳಿದರೆ ಕೆಸರಾಗಿ ಹೋಗುತ್ತದೆ. ನೀನು ಹುಟ್ಟುವ ಮೊದಲು, ನದಿಯ ದಂಡೆಯಲ್ಲಿ, ಅಮ್ಮ ಅದನ್ನು ನೀರಿನಿಂದ ಎತ್ತಿ ಕೊಟ್ಟಿದ್ದಳು. ಆಗ ಅದು ಕೋಳಿಮೊಟ್ಟೆಯಷ್ಟು ದೊಡ್ಡದಿತ್ತು. "ಒಣಗಿದ್ಮೇಲೂ ಹೀಗೇ ಹೊಳೆಯೋ ಹಾಗೆ ಮಾಡ್ತೀರಾ? ಮಾಡಿದ್ರೆ ನಾನೆಲ್ಲಿಗೂ ಹೋಗಲ್ಲ" ಅಂದಿದ್ದಳು, ತಮಾಷೆಗೆ. ನಾನು ಡ್ರಮ್ಮು ಮಾಡಿದ್ದು ಆ ಒಂದು ಕಲ್ಲಿಗಾಗಿ. ಬೇರೆ ಎಲ್ಲ ಕಲ್ಲೂ ಹೊಳೆದವು. ಅದನ್ನು ಒಂಟಿಯಾಗಿ ಹಾಕಿದೆ, ಮರದ ಹೊಟ್ಟಿನ ಜೊತೆ ಹಾಕಿದೆ, ಬರೀ ಬಿಳಿ ಪುಡಿಯಲ್ಲಿ ಹಾಕಿದೆ. ಪ್ರತಿ ಸಲವೂ ಇನ್ನಷ್ಟು ಸಣ್ಣದಾಗಿ, ಅಷ್ಟೇ ಮಂಕಾಗಿ ಬಂತು. "ಸಾಕು ಬಿಡ್ರೀ, ಹೀಗೇ ಉಜ್ಜಿದ್ರೆ ಕೊನೆಗೆ ನೀರೊಂದೇ ಉಳಿಯೋದು" ಎಂದು ಅವಳೇ ಒಂದು ದಿನ ಡ್ರಮ್ಮಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆಗ ಅವಳು ನಗುತ್ತಿರಲಿಲ್ಲ.

ಅದನ್ನು ಪೋಸ್ಟಿನಲ್ಲಿ ಕಳಿಸಬೇಡ, ಕಳೆದುಹೋದೀತು. ಮೇ ತಿಂಗಳಲ್ಲಿ ನಾನೇ ಬರುತ್ತೇನೆ. ಅಪ್ಪ ಯಾಕೆ ಬಂದ ಎಂದು ಅಮ್ಮ ಕೇಳಿದರೆ, "ಕಲ್ಲೊಂದು ಹೊತ್ಕೊಂಡು ಹೋಗೋಕೆ" ಅನ್ನು. ಇದು ಆ ಪದ್ಯದ ಆರನೆಯ ಸಾಲು ಎಂದು ಅವಳಿಗೆ ಗೊತ್ತಾಗುತ್ತದೆ.