ಅಂಟು ಕೈಯ ಮ್ಯಾನೇಜರು

ಮಾರ್ಚ್ 3, ಸೋಮವಾರ

ಎಂದಿನಂತೆ ಎಲ್ಲರಿಗಿಂತ ಮೊದಲು ಆಫೀಸಿಗೆ. ಕಾರಿಡಾರಿನಲ್ಲಿ ಇನ್ನೂ ಕಸ ಗುಡಿಸುತ್ತಿದ್ದರು. ಟೀಮಿನವರು ಶುಕ್ರವಾರ ಬರೆದಿಟ್ಟು ಹೋದ ಕೋಡ್ ತೆರೆದು ಕೂತೆ. ನಾವೆಲ್ಲ ಗುಬ್ಬಿ ಅಂತ ಕರೆಯುವ ಹುಡುಗಿ ಬರೆದದ್ದು ಚೆನ್ನಾಗಿಯೇ ಇತ್ತು. ಆದರೂ ತಿದ್ದಿದೆ. ನಾನಾಗಿದ್ದರೆ ಹಾಗೆ ಬರೆಯುತ್ತಿರಲಿಲ್ಲ, ಅಷ್ಟೇ.

ಮ್ಯಾನೇಜರಾಗಿ ಎರಡು ತಿಂಗಳು. ಬಡ್ತಿ ಬಂದು ಕೋಡು ಮೂಡಿತು; ಕೋಡ್ ಮಾತ್ರ ಬಿಡಲಿಲ್ಲ. (ಈ ಜೋಕು ಯಾರಿಗೂ ಹೇಳಬಾರದು.)

ಮಾರ್ಚ್ 6, ಗುರುವಾರ

ಗುಬ್ಬಿಯ ರಾಜೀನಾಮೆ. ಮೇಲ್‌ನಲ್ಲಿ ಎರಡೇ ಸಾಲು. ದನಿ ಗುಬ್ಬಿಯದು, ಕಣ್ಣು ಹದ್ದಿನದು — ನನ್ನ ಟೀಮಿನಲ್ಲಿ ಅವಳಂಥವರು ಇನ್ನೊಬ್ಬರಿಲ್ಲ. ಮೀಟಿಂಗ್ ರೂಮಿಗೆ ಕರೆದೆ.

"ಸಂಬಳದ ವಿಷಯನಾ?"

"ಅಲ್ಲ ಸರ್."

"ಮತ್ತೆ?"

"ಬೆಳಿಗ್ಗೆ ಬಂದು ನೋಡಿದ್ರೆ ನಾನು ಬರೆದಿದ್ದು ಇರಲ್ಲ ಸರ್. ಹಾಗಿದ್ಮೇಲೆ ನಾನ್ಯಾಕೆ..."

ಸಹಾಯ ಮಾಡ್ತಿದ್ದೆ ಅಂದೆ. "ಹೌದು ಸರ್" ಅಂದಳು. ಇಷ್ಟು ಮರ್ಯಾದೆಯಾಗಿ ನನಗೆ ಯಾರೂ ಬೈದಿರಲಿಲ್ಲ. ನೋಟೀಸ್ ಒಂದು ತಿಂಗಳು. ಏಪ್ರಿಲ್ ಮೊದಲ ವಾರ ಗುಬ್ಬಿ ಹಾರಿಹೋಗುತ್ತೆ.

ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಇಲ್ಲ.

"ರೀ, ಮನೇಲೂ ಇದೇ ಕಥೆ. ನಾನು ತೊಳೆದಿಟ್ಟ ಪಾತ್ರೆ ನೀವು ಮತ್ತೆ ತೊಳೀತೀರಲ್ಲ."

"ಅದಕ್ಕೇನೀಗ?"

"ಏನಿಲ್ಲ. ನಾನು ತೊಳೆಯೋದು ಬಿಟ್ಟು ವರ್ಷವಾಯ್ತು. ನೀವಿನ್ನೂ ಗಮನಿಸಿಲ್ಲ."

ಮಾರ್ಚ್ 10, ಸೋಮವಾರ

ಪಕ್ಕದ ಟೀಮಿನ ಮ್ಯಾನೇಜರ್ ಹತ್ತಿರ ಹೋದೆ. ಎಲ್ಲರೂ ಟೀಚರಮ್ಮ ಅಂತಾರೆ — ಹಿಂದೆಯೂ, ಮುಂದೆಯೂ. ಅವರ ಟೀಮು ಬಿಟ್ಟು ಯಾರೂ ಹೋಗುವುದಿಲ್ಲ. ಯಾಕೆ ಅಂತ ಇವತ್ತು ಕಣ್ಣಾರೆ ಕಂಡೆ.

ಅವರ ಟೀಮಿನ ಗಡ್ಡದ ಹುಡುಗನೊಬ್ಬನ ಪ್ರೋಗ್ರಾಂ ಕೈಕೊಟ್ಟಿತ್ತು. ಗ್ರಾಹಕರ ಫೋನ್ ಮೇಲೆ ಫೋನ್. ಟೀಚರಮ್ಮ ಅವನ ಪಕ್ಕ ಕುರ್ಚಿ ಎಳೆದುಕೊಂಡು, ಬ್ಯಾಗಿನಿಂದ ಕಿತ್ತಳೆ ತೆಗೆದು, ನಿಧಾನಕ್ಕೆ ಸುಲಿಯತೊಡಗಿದರು. ಒಂದೊಂದೇ ನಾರು ಬಿಡಿಸುತ್ತಾ, "ಹ್ಞೂಂ, ಆಮೇಲೆ? ಅಲ್ಲಿಗ್ಯಾಕೆ ಹೋಯ್ತದು?" ಅಷ್ಟೇ. ಅವನು ವಿವರಿಸುತ್ತಾ ವಿವರಿಸುತ್ತಾ ತಾನೇ ತಡೆದು ನಿಂತ. "ಓ" ಅಂದ. ಸರಿಹೋಯ್ತು. ಬಹುಮಾನ ಎರಡು ತೊಳೆ.

"ತಪ್ಪೆಲ್ಲಿದೆ ಅಂತ ನಿಮಗೆ ಗೊತ್ತಿತ್ತಾ ಮೇಡಂ?"

"ಬಂದು ಕೂತಾಗಲೇ."

"ಮತ್ತೆ ಈ ಹಣ್ಣು?"

"ಕೈ ಅಂಟಾದ್ರೆ ಕೀಬೋರ್ಡ್ ಮುಟ್ಟೋಕಾಗಲ್ವಲ್ಲಪ್ಪ. ಇಲ್ಲದಿದ್ರೆ ನಾನೂ ನಿನ್ನ ಹಾಗೇ."

ಗೊತ್ತಿದ್ದೂ ಸುಮ್ಮನಿರುವುದು! ಎಂಥ ಗಟ್ಟಿಗಿತ್ತಿ. ನನಗೆ ಗೊತ್ತಿಲ್ಲದಾಗಲೂ ಸುಮ್ಮನಿರಲು ಬರುವುದಿಲ್ಲ.

ಮಾರ್ಚ್ 12, ಬುಧವಾರ

ಚೀಲದ ತುಂಬ ಕಿತ್ತಳೆ ಒಯ್ದೆ. ಎಲ್ಲರ ಜೊತೆಗೇ ಒಳಗೆ ಹೋದೆ. "ಹುಷಾರಿಲ್ವಾ ಸರ್?" — ಸೆಕ್ಯೂರಿಟಿಯವರು.

ಟೆಸ್ಟಿಂಗ್ ನೋಡುವ ಲಂಬೂ ಬಂದ. "ಸರ್, ಇದೊಂದು ನೀವೇ ನೋಡಿಬಿಡಿ." ಸುಲಿಯುತ್ತಾ "ನೀನೇನಂತೀಯ?" ಅಂದೆ. ಗಾಬರಿಯಾದ. ನನ್ನ ಕೆಲಸ ಹೋಯಿತೆಂದು ಊಟದ ಹೊತ್ತಿಗೆ ಸುದ್ದಿ.

ಮಾರ್ಚ್ 26, ಬುಧವಾರ

ನಮ್ಮ ಪ್ರೋಗ್ರಾಂನ ಹೊಸ ಆವೃತ್ತಿ ಗ್ರಾಹಕರಿಗೆ ಬಿಟ್ಟೆವು. ಟೀ ಮುಗಿಯುವಷ್ಟರಲ್ಲಿ ಮಲಗಿತು. ಗುಬ್ಬಿ ಬರೆದ ಭಾಗದಲ್ಲೇ. ಡೈರೆಕ್ಟರ್ ಹಿಂದೆ ಬಂದು ನಿಂತರು. "ನೀನೇ ಕೂತು ಸರಿಮಾಡಯ್ಯ."

ತಪ್ಪು ನನಗೆ ಕಾಣುತ್ತಿತ್ತು. ಬೆರಳು ತುರಿಸುತ್ತಿತ್ತು. ಗುಬ್ಬಿ ಆಗಲೇ ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದಳು.

"ಕೂತ್ಕೊಳ್ಳಮ್ಮ" ಅಂದೆ. ಡೈರೆಕ್ಟರ್ ಕಡೆ ತಿರುಗಿದೆ. "ಸರ್, ಇದು ಅವಳ ಕೆಲಸ. ಅವಳೇ ಮಾಡ್ತಾಳೆ. ಹೆಚ್ಚುಕಮ್ಮಿಯಾದ್ರೆ ನನ್ನನ್ನ ಕೇಳಿ."

ಮೂರು ಹಣ್ಣು ಸುಲಿದೆ. ನಾಲ್ಕನೆಯದನ್ನು ಡೈರೆಕ್ಟರ್ ಕೈಗಿತ್ತೆ — ಅವರೂ ಕೀಬೋರ್ಡನ್ನೇ ನೋಡುತ್ತಿದ್ದರು.

"ಆಮೇಲೆ?" ಅನ್ನುತ್ತಾ ಹೋದೆ. ನಾನು ಕಂಡ ತಪ್ಪನ್ನು ಅವಳೂ ಕಂಡಳು. ಆದರೆ ಅಲ್ಲಿ ನಿಲ್ಲಲಿಲ್ಲ. "ಇದರ ಕೆಳಗೆ ಇನ್ನೊಂದಿದೆ ಸರ್." ಇತ್ತು — ನಾನು ಹಿಂದೆ ಬರೆದ ಹಳೇ ಭಾಗದಲ್ಲಿ. ನಾನೇ ಕೂತಿದ್ದರೆ ಮೇಲೊಂದು ತೇಪೆ ಹಾಕಿ ಬೀಗುತ್ತಿದ್ದೆ. ಸಂಜೆಗೆ ಮತ್ತೆ ಮಲಗುತ್ತಿತ್ತು. ಎಂಥ ಕೆಲಸಗಾರ್ತಿ. ಇವಳನ್ನು ತಿದ್ದುತ್ತಿದ್ದೆನಲ್ಲ.

ರಾಜೀನಾಮೆಯ ಮಾತು ಅವಳೆತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೇನೋ...

ಏಪ್ರಿಲ್ 3, ಗುರುವಾರ. ಆಫೀಸಿನಲ್ಲೇ, ಮಧ್ಯಾಹ್ನ

ನಾಳೆ ಅವಳ ಕೊನೆಯ ದಿನ. ಬೀಳ್ಕೊಡುಗೆಯ ಕಾರ್ಡಿಗೆ ನನ್ನೊಬ್ಬನ ಸಹಿ ಬಾಕಿ. ಈಗ ತಾನೇ ಬಂದಿದ್ದಳು.

"ಸರ್, ನಿಮ್ಮ ಆ ಹಳೇ ಭಾಗ ತೆಗೆದುಹಾಕಿ ಹೊಸದಾಗಿ ಬರೀಬೇಕು."

"ಪೂರ್ತಿನಾ?"

"ಪೂರ್ತಿ. ಮೂರು ತಿಂಗಳಾದ್ರೂ ಬೇಕು. ನಾನೇ ಕೂತ್ರೆ."

ನಾನು ಎದೆಯುಬ್ಬಿಸಿ ತೋರಿಸುತ್ತಿದ್ದ ಕೋಡ್ ಅದು. ಇಷ್ಟು ಖುಷಿಯಾಗಿ ಯಾರೂ ತಮ್ಮ ಮನೆ ಕೆಡವಲು ಒಪ್ಪಿರಲಿಕ್ಕಿಲ್ಲ. ಹ್ಞೂಂ ಅಂದೆ. ಬಾಗಿಲ ತನಕ ಹೋಗಿ ತಿರುಗಿದಳು.

"ಆ ಮೇಲ್ ವಾಪಸ್ ತಗೋಬೇಕಂದ್ರೆ ಯಾರಿಗೆ ಬರೀಬೇಕು ಸರ್?"

ನನಗೇ, ಅಂದೆ.

ಕಾಯುತ್ತಿದ್ದೇನೆ. ಇನ್ನೂ ಬಂದಿಲ್ಲ. ಹೋಗಿ ನಾನೇ ಬರೆದುಕೊಡಲಾ ಅಂತ ಎದ್ದೆ. ಕೂತೆ. ಅವಳೇ ಬರೆಯಲಿ. ಅಗೋ, ಬಂತು. ಇದನ್ನಿಲ್ಲಿಗೆ ಬಿಟ್ಟು —