ದರ್ಜಿ ಜಟ್ಟೆಪ್ಪನ ಮಕ್ಕಳು

ಜೂನ್ 3, 2024. ಬೆಳಿಗ್ಗೆ 6
ಯೂನಿಫಾರ್ಮ್ ಇಸ್ತ್ರಿ ಆಯಿತು. ಬೈಲಹೊಂಗಲದ ಆಸ್ಪತ್ರೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ. ಫೈಲ್ ಮತ್ತೊಮ್ಮೆ ನೋಡಿದೆ. ಲಿಸ್ಬನ್‌ನ ಆಸ್ಪತ್ರೆಯವರು ನರ್ಸ್ ಕೆಲಸ ಕೊಡಲು ತಯಾರು — ಪೋರ್ಚುಗಲ್ ಪೌರತ್ವ ಸಿಕ್ಕರೆ. ಸಿಗದೆ ಏನು? ಅವ್ವನ ಅಪ್ಪ ಜಟ್ಟೆಪ್ಪಜ್ಜ ಪಣಜಿಯಲ್ಲಿ ಪೋರ್ಚುಗೀಸರ ಸೈನ್ಯದ ದರ್ಜಿಯಾಗಿದ್ದ. ಅರವತ್ತೊಂದರಲ್ಲಿ ಅವರು ಗೋವಾ ಬಿಡುವಾಗ ಕ್ಯಾಪ್ಟನ್ ಒಬ್ಬ ಕಾಗದ ಬರೆದುಕೊಟ್ಟ: ಜಟ್ಟೆಪ್ಪ ಮತ್ತು ಅವನ ಮಕ್ಕಳು ಪೋರ್ಚುಗಲ್‌ನ ಪ್ರಜೆಗಳು. ಅಜ್ಜ ಅದನ್ನು ಟ್ರಂಕಿನಲ್ಲಿಟ್ಟು ಬೈಲಹೊಂಗಲಕ್ಕೆ ಬಂದ. ಸಾಯುವತನಕ ಊರವರ ಪ್ಯಾಂಟು ಹೊಲಿದ.

ಜೂನ್ 8
ಬೆಳಗಾವಿಯ ಏಜೆಂಟ್ ಕಾಗದ ನೋಡಿ ನಕ್ಕ. ಅದಕ್ಕೆ ಕಿಮ್ಮತ್ತಿಲ್ಲವಂತೆ. ನಿಮ್ಮ ತಾಯಿ ಅರವತ್ತೊಂದಕ್ಕೆ ಮೊದಲು ಗೋವಾದಲ್ಲಿ ಹುಟ್ಟಿರಬೇಕು, ಅಷ್ಟೇ ಅಂದ. ಅದಕ್ಕೇನು ಬರ? ಅವ್ವ ಮಾತೆತ್ತಿದರೆ 'ನಾ ಪಣಜಿಯಾಕಿ' ಅನ್ನುವವಳು. ಅಲ್ಲಿಯ ಜನನ ರಿಜಿಸ್ಟರಿನಲ್ಲಿ ಹೆಸರಿದೆ, ನಕಲು ನನ್ನ ಹತ್ತಿರ ಇದೆ. ಇನ್ನು ಬೇಕಿರುವುದು ಹಿರಿಯರೊಬ್ಬರ ಸಾಕ್ಷಿ. ಅಜ್ಜಿಯ ತವರು ಚಚಡಿಯಲ್ಲಿ ಅವಳ ಅಕ್ಕ ರಾಚವ್ವ ಇದ್ದಾಳಲ್ಲ... ಹಲ್ಲಿಲ್ಲ, ನೆನಪು ಗಟ್ಟಿ.

ಜೂನ್ 16, ಸಂಜೆ
ನೆನಪು ಗಟ್ಟಿಯಿದ್ದದ್ದೇ ಮುಳುವಾಯಿತು.
"ನಿಮ್ಮವ್ವ ಹುಟ್ಟಿದ್ದು ಇದ ಖೋಲ್ಯಾಗ," ಅಂದಳು ರಾಚವ್ವಜ್ಜಿ. "ಚೊಚ್ಚಲ ಬಾಣಂತನ ತವರಮನ್ಯಾಗ ಅಲ್ದ ಮತ್ತೆಲ್ಲಿ ಮಾಡ್ತಾರ?"
ಪಣಜಿಗೆ ಸುದ್ದಿ ಮುಟ್ಟಿದ ದಿನವೇ ಅಜ್ಜ ಖುಷಿಯಲ್ಲಿ ಅಲ್ಲಿಯ ಕಚೇರಿಗೆ ಹೋಗಿ ಬರೆಸಿದನಂತೆ. ಕೂಸು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.
ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ. ಅವಳಿಗೆ ಆಶ್ಚರ್ಯ. ಅಪ್ಪ ಇದ್ದ ಊರೇ ತನ್ನ ಊರು, ಹೆರಿಗೆ ಎಲ್ಲಾದರೇನು ಅಂತಾಳೆ. ಬೈಯುವ ಬಾಯಿ ನನಗೂ ಇಲ್ಲ. ನಾನು ಹುಟ್ಟಿದ್ದು ಬೈಲಹೊಂಗಲದಲ್ಲಿ. ಯಾರಾದರೂ ಕೇಳಿದರೆ ಅಪ್ಪನ ಊರು ಯರಗಟ್ಟಿಯವಳು ಅನ್ನುತ್ತೇನೆ.

ಜೂನ್ 30
ಎರಡು ವಾರ ಬರೆಯಲಿಲ್ಲ. ಸಿಟ್ಟು. ಆಸೆಯೂ. ರಿಜಿಸ್ಟರಿನಲ್ಲಿ ಇದೆಯಲ್ಲ, ಸುಮ್ಮನೆ ಪಣಜಿ ಅಂತ ಬರೆಯಿರಿ ಅಂತಾನೆ ಏಜೆಂಟ್. ಮೂರು ರಾತ್ರಿ ನನಗೂ ಅದೇ ಸರಿ ಅನ್ನಿಸಿತು. ಇವತ್ತು ಅವ್ವ ತಾನಾಗಿಯೇ ಬಂದು ಕುಳಿತಳು.
"ನೀ ಬರಿ, ನಾ ಸಹಿ ಮಾಡ್ತೇನಿ. ನಿನಗ ಚಲೋ ಆದ್ರ ಸಾಕು."
ಒಂದು ರೊಟ್ಟಿಯ ಲೆಕ್ಕವನ್ನೂ ಸುಳ್ಳು ಹೇಳಿದವಳಲ್ಲ ಅವಳು. ನಾಚಿಕೆಯಾಯಿತು.

ಜುಲೈ 2, ಬೆಳಿಗ್ಗೆ 6
ಇಸ್ತ್ರಿ ಆಯಿತು. ಫಾರ್ಮೂ ಆಯಿತು. ತಾಯಿ ಹುಟ್ಟಿದ ಸ್ಥಳ: ಚಚಡಿ. ಅವ್ವ ಓದಿದಳು, ಸಹಿ ಹಾಕಿದಳು. ಅವಳು ಕೊಟ್ಟ ಚಹಾಕ್ಕೆ ಸಕ್ಕರೆ ಜಾಸ್ತಿ ಬಿದ್ದಿತ್ತು.
ಎಲ್ಲಕ್ಕಿಂತ ಮೇಲೆ ಕ್ಯಾಪ್ಟನ್‌ನ ಕಾಗದ ಪಿನ್ ಮಾಡಿದ್ದೇನೆ. ಏಜೆಂಟ್ ನಗಲಿ. ಅದರಲ್ಲಿ 'ಅವನ ಮಕ್ಕಳು' ಎಂದಿದೆ, ಎಲ್ಲಿ ಹುಟ್ಟಿದವರು ಎಂದಿಲ್ಲ. ನಮ್ಮ ಕಡೆಯಿಂದ ಸುಳ್ಳಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವ ಸರದಿ ಈಗ ಅವರದು. ಪೌರತ್ವ ಕೊಡುತ್ತಾರೆ. ಇಲ್ಲ ಅಂದರೆ ನಾನು —
ಬಸ್ಸು ಬಂತು.