ಮೊಳೆಯದ ಬೀಜಕ್ಕೆ ಬಂದ ನೋಟಿಸ್

ಮಾನ್ಯ ಡಿಜಿಟಲ್ ಕಲಿಕಾ ಅಧಿಕಾರಿಗಳೇ,

ಬೀನ್ಸ್ ಬೀಜವೊಂದು ಎಂಟು ದಿನವಾದರೂ ಏಕೆ ಮೊಳೆತಿಲ್ಲ ಎಂದು ಲಿಖಿತ ವಿವರಣೆ ಕೇಳಿ ನೋಟಿಸ್ ಕಳಿಸಿದ್ದೀರಿ. ಬೀಜವನ್ನು ವಿಚಾರಿಸಿದೆ. ಬಾಯಿ ಬಿಡಲಿಲ್ಲ. ಹಾಗಾಗಿ ನಾಲ್ಕನೇ ತರಗತಿಯ ಟೀಚರಾದ ನಾನೇ ಅದರ ಪರವಾಗಿ ಬರೆಯುತ್ತಿದ್ದೇನೆ, ಊರೆಲ್ಲ ಓದಲಿ ಎಂದು ಪತ್ರಿಕೆಯಲ್ಲೇ.

ನಿಮ್ಮ ಟ್ಯಾಬ್ಲೆಟ್ಟಿನ ಪಾಠದಲ್ಲಿ ಬೀಜದ ಚಿತ್ರ ಒತ್ತಿದರೆ ಹನ್ನೊಂದು ಸೆಕೆಂಡಿನಲ್ಲಿ ಮೊಳಕೆ, ಎಲೆ, ಹೂವು, ಕೊನೆಗೊಂದು ಚಪ್ಪಾಳೆ. ಚೆನ್ನಾಗಿದೆ, ತಕರಾರಿಲ್ಲ. ನನ್ನ ಅಪರಾಧವೆಂದರೆ, ಅದರ ಜೊತೆಗೆ ಇಪ್ಪತ್ತಾರು ಮಕ್ಕಳಿಗೂ ಒಂದೊಂದು ಗಾಜಿನ ಲೋಟ, ಒಂದಿಷ್ಟು ಒದ್ದೆ ಹತ್ತಿ, ಒಂದು ನಿಜವಾದ ಬೀಜ ಕೊಟ್ಟದ್ದು. ನಿಮ್ಮ ವರದಿಯಲ್ಲಿ ಇದರ ಹೆಸರು ‘ಡಿಜಿಟಲ್ ಮಾಧ್ಯಮಕ್ಕೆ ಪ್ರತಿರೋಧ’. ಹತ್ತಿ ಇಷ್ಟು ದೊಡ್ಡ ಆಯುಧವೆಂದು ನನಗೆ ಗೊತ್ತಿರಲಿಲ್ಲ.

ನೀವು ಕಳಿಸಿದ ತಪಾಸಣಾಧಿಕಾರಿಗಳು ಕಿಟಕಿಯಲ್ಲಿ ಸಾಲಾಗಿಟ್ಟ ಲೋಟಗಳ ಮುಂದೆ ನಿಂತು ಒಂದನ್ನು ತೋರುಬೆರಳಿನಿಂದ ಒತ್ತಿದರು. ಕಾದರು. ಇನ್ನೊಮ್ಮೆ ಒತ್ತಿದರು.

“ಸರ್, ಅದು ಒತ್ತಿದ್ರೆ ಬರಲ್ಲ,” ಎಂದಳು ನಮ್ಮ ತರಗತಿಯ ಮಾತಿನಮಲ್ಲಿ.

“ಮತ್ತೆ ಹೇಗಮ್ಮ ಬರತ್ತೆ?”

“ಬರ್ಬೇಕು ಅಂತ ಅದಕ್ಕೇ ಅನ್ನಿಸ್ಬೇಕು ಸರ್.”

ಅವರು ‘ತಾಂತ್ರಿಕ ದೋಷ’ ಎಂದು ಬರೆದುಕೊಂಡು ಹೋದರು.

ಆ ಮಾತಿನಮಲ್ಲಿಯ ಬೀಜವೇ ಈಗಿನ ಆರೋಪಿ. ಇಪ್ಪತ್ತೈದು ಮೊಳೆತವು, ಅವಳದೊಂದು ಮೊಳೆಯಲಿಲ್ಲ. ಶಾಲೆಯಿದ್ದ ದಿನವೆಲ್ಲ, ಮಕ್ಕಳು ಮಾಡಿದ್ದಕ್ಕೆಲ್ಲ ಅಂಕ ಹಾಕುವ ನಿಮ್ಮ ಟ್ಯಾಬ್ಲೆಟ್ ಅದರ ಫೋಟೋ ಕೇಳಿತು, ಪ್ರತಿ ಸಲವೂ ಸೊನ್ನೆ ಕೊಟ್ಟಿತು, ಎಂಟನೇ ದಿನ ‘ವಿದ್ಯಾರ್ಥಿನಿ ಕಲಿತಿಲ್ಲ’ ಎಂದು ಷರಾ ಬರೆಯಿತು. ಸ್ವಾಮಿ, ಅವಳು ಏನು ಕಲಿತಳು ಗೊತ್ತೇ? ಮೊದಲೆಲ್ಲ ಗಳಿಗೆಗೊಮ್ಮೆ ಹತ್ತಿ ಎತ್ತಿ ನೋಡುತ್ತಿದ್ದಳು. ಆಮೇಲೊಂದು ದಿನ ತನ್ನ ಕೈಗಳನ್ನು ತಾನೇ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಎರಡು ನಿಮಿಷ ಸುಮ್ಮನಿರಲಾರದ ಹುಡುಗಿ ಕಾಯುವುದನ್ನು ಕಲಿತಳು. ಇದಕ್ಕೆ ಅಂಕ ಹಾಕುವ ಗುಂಡಿ ಎಲ್ಲಿದೆ? ಇಪ್ಪತ್ತು ವರ್ಷ ಪಾಠ ಮಾಡಿದ ನನಗೇ ಕಾಯುವುದು ಪೂರ್ತಿ ಬಂದಿಲ್ಲ. ನಿಮ್ಮ ನೋಟಿಸ್ ಓದಿ ನನಗೆ ಬಂದ ಸಿಟ್ಟೇ ಸಾಕ್ಷಿ.

ನಾಳೆ, ಶುಕ್ರವಾರ ಮಧ್ಯಾಹ್ನ, ನಿಮ್ಮ ಆದೇಶದಂತೆ ಜವಾನರು ಬಂದು ಲೋಟಗಳನ್ನೆಲ್ಲ ಖಾಲಿ ಮಾಡಬೇಕು. ಆಮೇಲೆ ಆ ಷರಾ ಅವಳ ಅಂಕಪಟ್ಟಿಯಲ್ಲಿ ಖಾಯಂ. ಆದರೆ ಇವತ್ತು ಬೆಳಿಗ್ಗೆ, ಒಂಬತ್ತನೇ ದಿನ, ಅವಳ ಬೀಜದ ಸಿಪ್ಪೆ ಕೂದಲೆಳೆಯಷ್ಟು ಬಿರಿದಿದೆ. ನಿಮ್ಮ ಕ್ಯಾಮೆರಾಕ್ಕೆ ಕಾಣಲಿಲ್ಲ, ಮತ್ತೆ ಸೊನ್ನೆ ಬಂತು. ಅವಳಿಗೆ ಕಂಡಿತು. ಕನ್ನಡಕ ಒರೆಸಿಕೊಂಡ ಮೇಲೆ ನನಗೂ ಕಂಡಿತು. ಇಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ನಿಯಮದಂತೆ ನೋಟಿಸನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಕಿತ್ತು. ಅವಳು ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು: “ಟೀಚರ್, ಅದರ ಎದುರಿಗೆ ಓದ್ಬೇಡಿ. ಈಗಷ್ಟೇ ಬರ್ತಿದೆ, ಹೆದರ್ಕೊಂಡು ಒಳಗೆ ಹೋಗ್ಬಿಡತ್ತೆ.”

ಓದಲಿಲ್ಲ. ಮಡಚಿ ಲೋಟದ ಕೆಳಗಿಟ್ಟಿದ್ದೇನೆ, ಸೋರಿದ ನೀರನ್ನಾದರೂ ಹೀರಿಕೊಳ್ಳಲಿ ಎಂದು.

ನನ್ನನ್ನು ಎಲ್ಲಿಗೆ ಬೇಕಾದರೂ ವರ್ಗ ಮಾಡಿ, ಹತ್ತಿ ಎಲ್ಲ ಕಡೆಯೂ ಸಿಗುತ್ತದೆ. ಬೇಡಿಕೆ ಒಂದೇ: ಸೋಮವಾರದವರೆಗೆ ಆ ಲೋಟವನ್ನು ಯಾರೂ ಮುಟ್ಟಕೂಡದು. ಪರಿಶೀಲನೆ ಆಗಲೇಬೇಕೆಂದಿದ್ದರೆ ನೀವೇ ಬನ್ನಿ. ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಪಕ್ಕ ನಿಲ್ಲಿ.

ಇಂತಿ,
ಬೀಜದ ಜೊತೆ ಎರಡನೇ ಆರೋಪಿ,
ನಾಲ್ಕನೇ ತರಗತಿಯ ಟೀಚರ್